ಕರಡಿ ಪೆಟ್ಟಿಗೆ, ಬೆಂಕಿ ಗುಂಡಿ: ಸೆಕೋಯಾ ಕಾಡಿನಲ್ಲಿ ಟೆಂಟು ವಾಸ

ಮೊದಲ ದಿನ: ಘಾಟಿ ಹತ್ತಿ ಲಾಡ್ಜ್‌ಪೋಲ್‌ಗೆ

ಥ್ರೀ ರಿವರ್ಸ್ ಎಂಬ ಪುಟ್ಟ ಊರು ದಾಟಿದರೆ ಮುಂದೆ ಪೆಟ್ರೋಲ್ ಬಂಕ್ ಇಲ್ಲ. ಮೊಬೈಲ್ ಸಿಗ್ನಲ್ಲೂ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಕ್ಯಾಲಿಫೋರ್ನಿಯಾದ ಸೆಕೋಯಾ ನ್ಯಾಷನಲ್ ಪಾರ್ಕಿಗೆ ದಕ್ಷಿಣದ ಕಡೆಯಿಂದ ಹೋಗುವವರು ಇಲ್ಲೇ ಟ್ಯಾಂಕ್ ತುಂಬಿಸಿ, ಮ್ಯಾಪನ್ನು ಫೋನಿಗೆ ಇಳಿಸಿಕೊಂಡು ಹೊರಡಬೇಕು. ನಾವು ನಾಲ್ವರು. ಅಕ್ಕ, ಭಾವ, ಅವರ ಮಗಳು ಪುಟ್ಟಿ, ಜೊತೆಗೆ ನಾನು. ಜೂನ್ ಕೊನೆಯ ವಾರ. ಡಿಕ್ಕಿಯಲ್ಲಿ ಟೆಂಟು, ಸ್ಲೀಪಿಂಗ್ ಬ್ಯಾಗು, ಗ್ಯಾಸ್ ಸ್ಟೋವು, ನೀರಿನ ಕ್ಯಾನು.

ಪಾರ್ಕಿನ ಗೇಟು ಇರುವುದು ಸುಮಾರು 1,700 ಅಡಿ ಎತ್ತರದಲ್ಲಿ. ಅಲ್ಲಿಂದ ದೊಡ್ಡ ಮರಗಳಿರುವ ಜೈಂಟ್ ಫಾರೆಸ್ಟಿಗೆ 25 ಕಿಲೋಮೀಟರ್ ಆಸುಪಾಸು. ಅಷ್ಟರೊಳಗೆ 6,400 ಅಡಿಗೆ ಏರಬೇಕು. ರಸ್ತೆಯ ಹೆಸರು ಜನರಲ್ಸ್ ಹೈವೇ. ಹೆಸರಿಗಷ್ಟೇ ಹೈವೇ, ನಿಜದಲ್ಲಿ ತಿರುವಿನ ಮೇಲೆ ತಿರುವಿನ ಘಾಟಿ ರಸ್ತೆ. 22 ಅಡಿಗಿಂತ ಉದ್ದದ ಗಾಡಿಯವರು ಈ ದಾರಿಗೆ ಬರಬೇಡಿ ಅಂತ ಪಾರ್ಕಿನವರೇ ಹೇಳುತ್ತಾರೆ. ಅರ್ಧ ದಾರಿಯಲ್ಲಿ ಪುಟ್ಟಿಗೆ ಹೊಟ್ಟೆ ತೊಳೆಸಿತು. ಹಾಸ್ಪಿಟಲ್ ರಾಕ್ ಹತ್ತಿರ ಭಾವ ಕಾರು ನಿಲ್ಲಿಸಿದರು.

ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಅಲ್ಲಿನ ಹಾಸುಬಂಡೆಯಲ್ಲಿ ಒರಳು ಗುಂಡಿಗಳಿವೆ. ಒಂದೆರಡಲ್ಲ, ಬಂಡೆಯ ತುಂಬ. ವೆಸ್ಟರ್ನ್ ಮೋನೋ ಎಂಬ ಮೂಲನಿವಾಸಿ ಜನ ಓಕ್ ಮರದ ಕಾಯಿ ಕುಟ್ಟಿ ಹಿಟ್ಟು ಮಾಡುತ್ತಿದ್ದ ಜಾಗ ಇದು. ಆ ಕಾಯಿಗೆ ಒಗರು ಜಾಸ್ತಿ. ಹಿಟ್ಟನ್ನು ಮತ್ತೆ ಮತ್ತೆ ನೀರಿನಲ್ಲಿ ತೊಳೆದು ಒಗರು ತೆಗೆದ ಮೇಲೇ ಅದು ಅಡುಗೆಗೆ ಬರುವುದು. ಪುಟ್ಟಿ ಒಂದು ಗುಂಡಿಯೊಳಗೆ ಕೈ ಇಳಿಸಿದಳು. ಮುಷ್ಟಿ ಪೂರ್ತಿ ಒಳಗೆ ಹೋಯಿತು. ಒಳಮೈ ಅಷ್ಟು ನುಣುಪು, ಎಷ್ಟು ತಲೆಮಾರಿನ ಹೆಂಗಸರು ಕುಟ್ಟಿರಬೇಕು! ಕಾಡಿನ ತಳದ ಪೊದೆಗಳಿಗೆ ಬೇಕೆಂದೇ ಆಗಾಗ ಬೆಂಕಿ ಹಚ್ಚುತ್ತಿದ್ದವರೂ ಇದೇ ಜನ. ಈ ಬೆಂಕಿಯ ವಿಷಯ ಮುಂದೆ ಬಹಳ ಬರುತ್ತದೆ.

ಮೇಲೆ ಹೋದ ಹಾಗೆ ಓಕ್ ಹೋಗಿ ಪೈನ್ ಬಂತು, ಫರ್ ಬಂತು, ಗಾಳಿ ತಣ್ಣಗಾಯಿತು. ಸೆಕೋಯಾ ಎಂಬ ಆ ದೈತ್ಯ ಮರ ಮಾತ್ರ ಮೆಲ್ಲಗೆ ಶುರುವಾಗುವುದಿಲ್ಲ. ಒಂದು ತಿರುವು ತಿರುಗಿದ ಕೂಡಲೇ ರಸ್ತೆಯ ಎರಡೂ ಬದಿಗೆ ದಾಲ್ಚಿನ್ನಿ ಬಣ್ಣದ ಕಾಂಡಗಳು. ಫೋರ್ ಗಾರ್ಡ್ಸ್‌ಮೆನ್ ಅಂತ ಹೆಸರು. ಅವುಗಳ ನಡುವೆಯೇ ಕಾರು ತೂರಬೇಕು. ಹಿಂದಿನ ಸೀಟಿನಿಂದ ಪುಟ್ಟಿ, "ಮಾಮ, ಇದೇನಾ ಅದು?" ಅಂತ ಕೂಗಿದಳು. ಹೊಟ್ಟೆ ತೊಳೆಸುವುದು ಅಲ್ಲಿಗೆ ಮರೆತೇ ಹೋಯಿತು.

ನಮ್ಮ ಬಿಡಾರ ಇನ್ನೂ ಮುಂದೆ, ಲಾಡ್ಜ್‌ಪೋಲ್ ಕ್ಯಾಂಪ್‌ಗ್ರೌಂಡಿನಲ್ಲಿ. 6,700 ಅಡಿ ಎತ್ತರ. ಕವೀಯಾ ನದಿಯ ಒಂದು ಕವಲು, ಮಾರ್ಬಲ್ ಫೋರ್ಕ್, ಪಕ್ಕದಲ್ಲೇ ಹರಿಯುತ್ತದೆ. ಇನ್ನೂರಕ್ಕೂ ಹೆಚ್ಚು ಸೈಟುಗಳಿದ್ದರೂ ಬೇಸಿಗೆಯಲ್ಲಿ ತಿಂಗಳುಗಳ ಮುಂಚೆ ಬುಕ್ ಮಾಡದಿದ್ದರೆ ಸಿಗುವುದಿಲ್ಲ. ಅಕ್ಕ ಫೆಬ್ರವರಿಯಲ್ಲೇ ಗಡಿಯಾರ ನೋಡಿಕೊಂಡು ಕೂತು ಹಿಡಿದ ಸೈಟು ಇದು. ಇದನ್ನು ಅವಳು ದಾರಿಯುದ್ದಕ್ಕೂ ನೆನಪಿಸುತ್ತಲೇ ಇದ್ದಳು.

ಪ್ರತಿ ಸೈಟಿನಲ್ಲೂ ಒಂದು ಮೇಜು, ಬೆಂಕಿ ಹಾಕಲು ನೆಲಕ್ಕೆ ಹೂತ ಕಬ್ಬಿಣದ ಬಳೆ, ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆ. ಈ ಪೆಟ್ಟಿಗೆಯೇ ಇಲ್ಲಿನ ಯಜಮಾನ. ಸುಮಾರು ನಾಲ್ಕಡಿ ಅಗಲ, ಎರಡೂವರೆ ಅಡಿಗಿಂತ ಸ್ವಲ್ಪ ಜಾಸ್ತಿ ಆಳ. ಬಾಗಿಲಿನ ಚಿಲಕ ಹೊರಗೆ ಕಾಣುವುದಿಲ್ಲ. ತಗಡಿನ ಸಣ್ಣ ಗೂಡಿನೊಳಗೆ ಬೆರಳು ತೂರಿಸಿ ಒಳಗಿನ ತುಂಡನ್ನು ಒತ್ತಿದರೆ ಟಕ್ ಅಂತ ಬಿಡುತ್ತದೆ. ಮನುಷ್ಯರ ಬೆರಳಿಗೆ ಜಾಗ ಇದೆ, ಕರಡಿಯ ಪಂಜಕ್ಕೆ ಇಲ್ಲ.

ಅಕ್ಕಿ, ಬ್ರೆಡ್ಡು, ಹಣ್ಣು ಪೆಟ್ಟಿಗೆಗೆ ಹೋಗಬೇಕು ಅನ್ನುವುದು ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಟೂತ್‌ಪೇಸ್ಟು, ಸೋಪು, ಸನ್‌ಸ್ಕ್ರೀನು, ಖಾಲಿ ಜ್ಯೂಸ್ ಡಬ್ಬಿ, ಎಲ್ಲಾ ಹೋಗಬೇಕು. ಕಡೆಗೆ ಪುಟ್ಟಿಯ ಸ್ಟ್ರಾಬೆರಿ ವಾಸನೆಯ ಲಿಪ್ ಬಾಮ್ ಕೂಡ. ವಾಸನೆ ಬರುವುದೆಲ್ಲ ಕರಡಿಯ ಲೆಕ್ಕದಲ್ಲಿ ಊಟವೇ. ಕಾರಿನಲ್ಲಿ ಬಿಟ್ಟರೆ ಬಾಗಿಲ ಮೇಲಂಚಿಗೆ ಉಗುರು ಸಿಕ್ಕಿಸಿ ಚೌಕಟ್ಟನ್ನೇ ಬಗ್ಗಿಸಿ ಒಳಗೆ ಬರುತ್ತದೆ. ಭಾವ ಸೀಟಿನ ಸಂದಿಯಿಂದ ಬಿಸ್ಕತ್ತಿನ ಚೂರುಗಳನ್ನು ಹೆಕ್ಕುತ್ತಾ ಕೂತರು. ಕಾರು ಅಷ್ಟು ಸ್ವಚ್ಛವಾದದ್ದನ್ನು ನಾನು ಕಂಡೇ ಇರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಈಗ ಉಳಿದಿರುವುದು ಕಪ್ಪು ಕರಡಿ ಮಾತ್ರ. ರಾಜ್ಯದ ಬಾವುಟದ ಮೇಲಿರುವ ಗ್ರಿಜ್ಲಿ 1920ರ ದಶಕದಲ್ಲೇ ಇಲ್ಲಿಂದ ಅಳಿಸಿಹೋಯಿತು. ಕಪ್ಪು ಕರಡಿ ಅಂತ ಹೆಸರು, ಬಣ್ಣ ಕಂದು, ಕೆಂಗಂದು, ಏನೂ ಇರಬಹುದು. ಒಂದು ಕಾಲದಲ್ಲಿ ಈ ಪಾರ್ಕಿನವರೇ ಹೋಟೆಲುಗಳ ಮುಸುರೆಯನ್ನು ಒಂದು ಕಡೆ ಸುರಿದು, ಕರಡಿಗಳು ಬಂದು ತಿನ್ನುವುದನ್ನು ಪ್ರವಾಸಿಗರಿಗೆ ತೋರಿಸುತ್ತಿದ್ದರು. ಆ ಜಾಗಕ್ಕೆ ಬೇರ್ ಹಿಲ್ ಅಂತಲೇ ಹೆಸರು. 1940ರಲ್ಲಿ ಅದು ನಿಂತಿತು. ಆದರೆ ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಟೆಂಟಿಗೆ, ಕಾರಿಗೆ ನುಗ್ಗುವುದನ್ನು ಬಿಡುವುದಿಲ್ಲ. ತೀರಾ ಮಿತಿಮೀರಿದರೆ ಕೊನೆಗೆ ಅದನ್ನು ಕೊಲ್ಲಬೇಕಾಗುತ್ತದೆ. ಹಾಗಾಗಿ ಪೆಟ್ಟಿಗೆ ಇರುವುದು ನಮ್ಮ ಊಟ ಉಳಿಸುವುದಕ್ಕಿಂತ ಹೆಚ್ಚಾಗಿ ಕರಡಿಯ ಜೀವ ಉಳಿಸುವುದಕ್ಕೆ.

ಸಂಜೆ ಒಬ್ಬ ರೇಂಜರಮ್ಮ ಟಾರ್ಚ್ ಹಿಡಿದು ಸೈಟಿನಿಂದ ಸೈಟಿಗೆ ಬಂದರು. ಎದುರಿನ ಸೈಟಿನವರು ಕೂಲರ್ ಡಬ್ಬವನ್ನು ಮೇಜಿನ ಮೇಲೆ ಬಿಟ್ಟು ನದಿ ಕಡೆ ಹೋಗಿದ್ದರು. ರೇಂಜರಮ್ಮ ಅದನ್ನು ಎತ್ತಿಕೊಂಡು, ಒಂದು ಚೀಟಿ ಅಂಟಿಸಿ ಹೊರಟೇಬಿಟ್ಟರು. ವಾಪಸ್ ಬಂದವರ ಮುಖ ನೋಡಬೇಕಿತ್ತು. ಅಕ್ಕ ತಕ್ಷಣ ಎದ್ದು ಹೋಗಿ ನಮ್ಮ ಪೆಟ್ಟಿಗೆಯ ಚಿಲಕವನ್ನು ಇನ್ನೊಮ್ಮೆ ಎಳೆದು ನೋಡಿ ಬಂದಳು.

ಅನ್ನ ಬೇಯಲು ಹೊತ್ತು ಹಿಡಿಯಿತು. ಈ ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ಉರಿ ಎಷ್ಟು ಜೋರು ಮಾಡಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ, ಸುಮ್ನೆ ಗ್ಯಾಸ್ ದಂಡ. ಮುಚ್ಚಳ ಹಾಕಿ, ನೀರು ಸ್ವಲ್ಪ ಜಾಸ್ತಿ ಇಟ್ಟು ಕಾಯುವುದೊಂದೇ ದಾರಿ. ಹತ್ತು ಗಂಟೆಗೆ ಕ್ಯಾಂಪ್‌ಗ್ರೌಂಡಿನಲ್ಲಿ ಗಲಾಟೆ ಬಂದ್. ಮಲಗುವ ಮುಂಚೆ ಬೆಂಕಿಗೆ ನೀರು ಸುರಿದು, ಕಡ್ಡಿಯಿಂದ ಬೂದಿ ಕಲಕಿ, ಮತ್ತೆ ನೀರು ಸುರಿದು, ಅಂಗೈ ಹತ್ತಿರ ಹಿಡಿದು ಬಿಸಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಈ ಕೆಲಸ ಪುಟ್ಟಿ ತಾನೇ ವಹಿಸಿಕೊಂಡಳು.

ರಾತ್ರಿ ಚಳಿ. ಜೂನ್ ಅಂತ ನಂಬಬೇಡಿ. ಸ್ಲೀಪಿಂಗ್ ಬ್ಯಾಗು ಎಷ್ಟು ದಪ್ಪ ಇದ್ದರೂ ಮೈಭಾರಕ್ಕೆ ಕೆಳಗಿನ ಹತ್ತಿ ಒತ್ತಿಹೋಗಿ ನೆಲದ ತಂಪು ನೇರ ಬೆನ್ನಿಗೆ ಹತ್ತುತ್ತದೆ. ಕೆಳಗೆ ಹಾಸುವ ಗಾಳಿ ಪ್ಯಾಡಿಗೆ ದುಡ್ಡು ಹಾಕಿ, ಉಳಿದದ್ದರಲ್ಲಿ ಬೇಕಾದರೆ ಉಳಿಸಿ.

ಎರಡನೇ ದಿನ: ಜನರಲ್ ಸಾಹೇಬರ ದರ್ಶನ

ಬೆಳಿಗ್ಗೆ ಟೆಂಟಿನ ಒಳಮೈ ತೊಪ್ಪೆ. ಮಳೆ ಬಂದಿರಲಿಲ್ಲ, ನಮ್ಮ ಉಸಿರೇ ನೀರಾಗಿತ್ತು. ರಾತ್ರಿ ಗಾಳಿಕಿಂಡಿ ಮುಚ್ಚಿದ್ದು ಭಾವ. "ಚಳಿ ಅಂತ ನೀನೇ ಹೇಳಿದ್ದಲ್ವಾ?" ಅಂತ ನನ್ನ ಮೇಲೆ ಹಾಕಿದರು. ಟೆಂಟು ಒಣಗಲು ಬಿಟ್ಟು ಉಚಿತ ಶಟಲ್ ಬಸ್ಸು ಹತ್ತಿದೆವು.

ಅಮೆರಿಕದ ಒಬ್ಬ ಸೇನಾನಿಯ ಹೆಸರು ಹೊತ್ತ ಜನರಲ್ ಶರ್ಮನ್ ಮರಕ್ಕೆ ಪಾರ್ಕಿಂಗಿನಿಂದ ಅರ್ಧ ಮೈಲಿಯಷ್ಟು ಇಳಿಯಬೇಕು. ಇಳಿಯುವಾಗ ಎಲ್ಲರೂ ಉತ್ಸಾಹದಲ್ಲಿರುತ್ತಾರೆ. ಎದುರಿನಿಂದ ಹತ್ತಿ ಬರುವವರ ಮುಖ ನೋಡಿದರೆ ವಾಪಸ್ ದಾರಿಯ ಕಥೆ ಗೊತ್ತಾಗುತ್ತದೆ.

ಈ ಮರದ ಎತ್ತರ 83.8 ಮೀಟರ್. ಬುಡದ ಸುತ್ತಳತೆ 31 ಮೀಟರ್. ಎತ್ತರದಲ್ಲಿ ಇದು ಮೊದಲಲ್ಲ, ಕ್ಯಾಲಿಫೋರ್ನಿಯಾ ಕರಾವಳಿಯ ರೆಡ್‌ವುಡ್ ಮರಗಳು ನೂರು ಮೀಟರ್ ದಾಟುತ್ತವೆ. ದಪ್ಪದಲ್ಲೂ ಮೊದಲಲ್ಲ, ಮೆಕ್ಸಿಕೋದಲ್ಲಿ ಇದಕ್ಕಿಂತ ದಪ್ಪ ಬುಡದ ಮರ ಇದೆ. ಆದರೆ ಕಾಂಡದಲ್ಲಿರುವ ಮರದ ಒಟ್ಟು ಗಾತ್ರ ಲೆಕ್ಕ ಹಾಕಿದರೆ ಇದನ್ನು ಮೀರಿಸಿದ್ದು ಜಗತ್ತಿನಲ್ಲಿ ಇಲ್ಲ. ಸುಮಾರು 1,487 ಘನ ಮೀಟರ್. ವಯಸ್ಸು 2,200 ವರ್ಷದ ಆಸುಪಾಸು ಅಂತ ಅಂದಾಜು.

ನಿಜ ಹೇಳಬೇಕೆಂದರೆ ಮರದ ಎದುರು ನಿಂತಾಗ ಅಷ್ಟು ದೊಡ್ಡದು ಅನಿಸುವುದಿಲ್ಲ. ಸುತ್ತಲಿನ ಮರಗಳೂ ದೈತ್ಯವೇ ಅಲ್ವಾ, ಕಣ್ಣಿಗೆ ಅಳತೆ ಸಿಗುವುದಿಲ್ಲ. ನನಗೆ ಗಾತ್ರ ತಲೆಗೆ ಹೋಗಿದ್ದು ಒಂದು ಕೊಂಬೆಯಿಂದ. 2006ರಲ್ಲಿ ಇದರ ಒಂದು ಕೊಂಬೆ ಮುರಿದು ಬಿದ್ದು ಬೇಲಿಯನ್ನೂ ಕಾಲುದಾರಿಯನ್ನೂ ಪುಡಿ ಮಾಡಿತು. ಆ ಕೊಂಬೆಯ ಉದ್ದ ನೂರಡಿ, ದಪ್ಪ ಆರಡಿ. ಬೇರೆ ಕಾಡಿನಲ್ಲಾದರೆ ಅದೇ ಒಂದು ದೊಡ್ಡ ಮರ.

ಈ ಮರಕ್ಕೆ ಕಾರ್ಲ್ ಮಾರ್ಕ್ಸ್ ಅಂತ ಹೆಸರಿದ್ದ ಕಾಲವೂ ಇತ್ತು. 1880ರ ದಶಕದಲ್ಲಿ ಕವೀಯಾ ಕಾಲೊನಿ ಎಂಬ ಸಮಾಜವಾದಿಗಳ ಗುಂಪು ಇಲ್ಲಿ ಬಂದು ನೆಲೆಸಿ, ಮರ ಕಡಿದು ಮಾರುವ ಯೋಜನೆಯಲ್ಲಿ ವರ್ಷಗಟ್ಟಲೆ ಕೈಯಾರೆ ರಸ್ತೆ ಕಡಿದರು. 1890ರಲ್ಲಿ ಸರ್ಕಾರ ನ್ಯಾಷನಲ್ ಪಾರ್ಕ್ ಅಂತ ಘೋಷಿಸಿತು, ಅವರ ಲೆಕ್ಕ ತಲೆಕೆಳಗಾಯಿತು. ಆ ಅರ್ಧ ರಸ್ತೆಯನ್ನು ಜೈಂಟ್ ಫಾರೆಸ್ಟಿನ ತನಕ ಮುಗಿಸಿದ್ದು 1903ರಲ್ಲಿ, ಕ್ಯಾಪ್ಟನ್ ಚಾರ್ಲ್ಸ್ ಯಂಗ್ ಮತ್ತವರ ಕಪ್ಪು ಸೈನಿಕರು. ನ್ಯಾಷನಲ್ ಪಾರ್ಕ್ ಒಂದರ ಉಸ್ತುವಾರಿ ವಹಿಸಿದ ಮೊದಲ ಕಪ್ಪು ಅಧಿಕಾರಿ ಅವರು. ಜನ ಶರ್ಮನ್ ಮುಂದೆ ಫೋಟೋ ಹೊಡೆಸಿಕೊಳ್ಳಲು ಸಾಲು ನಿಲ್ಲುತ್ತಾರೆ, ಯಂಗ್ ಹೆಸರಿನ ಮರವನ್ನು ಯಾರೂ ಕೇಳುವುದಿಲ್ಲ.

ಜನಸಂದಣಿ ಬೇಡ ಅನ್ನುವವರು ಅಲ್ಲಿಂದಲೇ ಶುರುವಾಗುವ ಕಾಂಗ್ರೆಸ್ ಟ್ರೇಲ್ ಹಿಡಿಯಬೇಕು. ಕಾಲು ಗಂಟೆ ನಡೆದರೆ ಸದ್ದೆಲ್ಲ ಹಿಂದೆ ಬೀಳುತ್ತದೆ. ಇಲ್ಲಿನ ಮರಗಳಿಗೆ ಬೇಲಿ ಇಲ್ಲ. ತೊಗಟೆಗೆ ಕೈ ಹಚ್ಚಿದೆ. ಗಟ್ಟಿ ಇರುತ್ತದೆ ಅಂದುಕೊಂಡರೆ ಮೆತ್ತಗೆ, ನಾರು ನಾರು. ಬೆರಳ ಗೆಣ್ಣಿನಿಂದ ಬಡಿದರೆ ಡಬ್ ಅನ್ನುವ ಟೊಳ್ಳು ಸದ್ದು. ಹಳೇ ಮರದಲ್ಲಿ ಈ ತೊಗಟೆ ಎರಡು ಅಡಿ ದಪ್ಪಕ್ಕೂ ಬೆಳೆಯುತ್ತದೆ. ಪೈನ್ ಮರದ ತೊಗಟೆಯಲ್ಲಿರುವಂಥ ಅಂಟು ಇದರಲ್ಲಿಲ್ಲ. ಹಾಗಾಗಿ ಸುಲಭಕ್ಕೆ ಉರಿಯುವುದಿಲ್ಲ. ಟ್ಯಾನಿನ್ ಎಂಬ ಒಗರಿನ ಅಂಶ ಜಾಸ್ತಿ ಇರುವುದರಿಂದ ಹುಳ, ಬೂಷ್ಟಿನ ಕಾಟವೂ ಕಡಿಮೆ.

ಆದರೂ ಹೆಚ್ಚಿನ ಮರಗಳ ಬುಡದಲ್ಲಿ ಕಪ್ಪು ಗವಿಗಳಿವೆ. ನೂರಾರು ವರ್ಷಗಳಲ್ಲಿ ಬೆಂಕಿ ಸುಟ್ಟು ಕೊರೆದದ್ದು. ಒಂದರೊಳಗೆ ನಾವು ನಾಲ್ವರೂ ನಿಂತೆವು. ಮಸಿ ಈಗಲೂ ಕೈಗೆ ಹತ್ತುತ್ತದೆ. ಮರ ಮಾತ್ರ ಮೇಲೆ ಹಸಿರಾಗಿ ನಿಂತಿದೆ.

ಪುಟ್ಟಿಗೆ ವಿಸಿಟರ್ ಸೆಂಟರಿನಲ್ಲಿ ಜೂನಿಯರ್ ರೇಂಜರ್ ಪುಸ್ತಕ ಕೊಟ್ಟಿದ್ದರು. ಅದರಲ್ಲಿನ ಪ್ರಶ್ನೆಗಳಿಗೆ ಉತ್ತರ ಬರೆದು ತೋರಿಸಿದರೆ ಬ್ಯಾಡ್ಜ್. ಅವಳ ಕೆಲಸ ಈಗ ಸೆಕೋಯಾ ಕಾಯಿ ಹುಡುಕುವುದು. ಇಷ್ಟು ದೊಡ್ಡ ಮರದ ಕಾಯಿ ಅಂದರೆ ಹೇಗಿರಬೇಡ ಅಂತ ದೊಡ್ಡ ದೊಡ್ಡದನ್ನೇ ಹೆಕ್ಕಿ ತಂದಳು. ಅದೆಲ್ಲ ಶುಗರ್ ಪೈನ್‌ದು, ಒಂದಡಿಗಿಂತ ಉದ್ದ. ಸೆಕೋಯಾದ್ದು ಕೋಳಿಮೊಟ್ಟೆ ಗಾತ್ರ, ಅಷ್ಟೇ. ಅದರೊಳಗೆ ಇನ್ನೂರರಷ್ಟು ಬೀಜ. ಒಂದೊಂದೂ ತೆಳು ಅವಲಕ್ಕಿಯ ಚೂರಿನ ಹಾಗೆ. ಅಂಗೈ ಮೇಲೆ ಇಟ್ಟು ಉಸಿರು ಬಿಟ್ಟರೆ ಹಾರಿಹೋಗುತ್ತದೆ. ನೋಡಿದ ಮೇಲೆ ಕಾಯನ್ನು ಅಲ್ಲೇ ಬಿಟ್ಟೆವು, ಹೊರಗೆ ಒಯ್ಯುವಂತಿಲ್ಲ.

ಈ ಕಾಯಿ ಹಸಿರಾಗಿಯೇ ಇಪ್ಪತ್ತು ವರ್ಷದ ತನಕ ಮರದ ಮೇಲೆ ಮುಚ್ಚಿಕೊಂಡು ಕೂರಬಲ್ಲದು. ಅದನ್ನು ತೆರೆಯುವುದು ಮುಖ್ಯವಾಗಿ ಮೂರು. ಚಿಕರಿ ಎಂಬ ಅಳಿಲು ಕಾಯಿಯ ತಿರುಳು ಕಡಿಯುತ್ತಾ ಬೀಜ ಚೆಲ್ಲುತ್ತದೆ. ಒಂದು ಜಾತಿಯ ಕೊರೆಹುಳ ಕಾಯಿ ಒಣಗಿಸುತ್ತದೆ. ಮೂರನೆಯದು ಬೆಂಕಿ. ಕೆಳಗೆ ಹತ್ತಿದ ಬೆಂಕಿಯ ಬಿಸಿ ಮೇಲೆ ಹೋಗಿ ಸಾವಿರಾರು ಕಾಯಿಗಳನ್ನು ಒಟ್ಟಿಗೆ ಒಣಗಿಸಿ ಬಿರಿಸುತ್ತದೆ. ಬೆಂಕಿ ನೆಲದ ತರಗೆಲೆಯನ್ನೂ ಸುಟ್ಟು ಮಣ್ಣು ಬಯಲು ಮಾಡಿರುತ್ತದೆ. ಬೀಜಕ್ಕೆ ಬೇಕಾದದ್ದು ಆ ಬರಿಮಣ್ಣು, ಮೇಲಿನಿಂದ ಬಿಸಿಲು.

ಇದು ಗೊತ್ತಿಲ್ಲದೆ ದಶಕಗಟ್ಟಲೆ ಕಾಡಿನ ಬೆಂಕಿಯನ್ನು ಕಂಡಕಂಡಲ್ಲಿ ಆರಿಸಿದರು. ಮರ ಉಳಿಸುವ ಒಳ್ಳೇ ಉದ್ದೇಶದಿಂದಲೇ. 1960ರ ದಶಕದಲ್ಲಿ ರಿಚರ್ಡ್ ಹಾರ್ಟ್ಸ್‌ವೆಲ್ಟ್ ಎಂಬ ವಿಜ್ಞಾನಿ ಈ ಕಡೆಯ ಇನ್ನೊಂದು ಸೆಕೋಯಾ ತೋಪಿನಲ್ಲಿ ಸಣ್ಣ ಸಣ್ಣ ತುಂಡು ಜಾಗಕ್ಕೆ ಬೆಂಕಿ ಹಾಕಿ ನೋಡಿದರು. ಬೆಂಕಿ ಬಿದ್ದ ಕಡೆ ಸಸಿ, ಬೀಳದ ಕಡೆ ಇಲ್ಲ. 1968ರಿಂದ ಪಾರ್ಕಿನವರು ತಾವೇ ಕಾಡಿಗೆ ಲೆಕ್ಕ ಇಟ್ಟು ಬೆಂಕಿ ಹಾಕತೊಡಗಿದರು. ಮೋನೋ ಜನ ಮೊದಲಿನಿಂದ ಮಾಡುತ್ತಿದ್ದ ಕೆಲಸ ತಾನೇ ಇದು. ಅವರನ್ನು ಕೇಳಿದ್ದರೆ ಇಷ್ಟು ವರ್ಷ ಬೇಕಾಗುತ್ತಿರಲಿಲ್ಲ ಅಂತ ಅಕ್ಕ ಅಂದಳು.

ಫಲ ಕಂಡದ್ದು 2021ರಲ್ಲಿ. ಸಿಡಿಲಿನಿಂದ ಹತ್ತಿದ ಕೆಎನ್‌ಪಿ ಕಾಂಪ್ಲೆಕ್ಸ್ ಎಂಬ ದೊಡ್ಡ ಬೆಂಕಿ ಜೈಂಟ್ ಫಾರೆಸ್ಟಿನ ಅಂಚಿಗೇ ಬಂತು. ಶರ್ಮನ್ ಮರದ ಬುಡಕ್ಕೆ, ಆ ಫೋರ್ ಗಾರ್ಡ್ಸ್‌ಮೆನ್‌ಗೂ, ಅಲ್ಯೂಮಿನಿಯಂ ಹಾಳೆ ಸುತ್ತಿದ ಫೋಟೋ ಜಗತ್ತೆಲ್ಲ ಸುತ್ತಿತು. ಹಾಳೆ ಹೆಸರು ಮಾಡಿತು, ಆದರೆ ದೊಡ್ಡ ಕೆಲಸ ಮಾಡಿದ್ದು ದಶಕಗಳಿಂದ ಹಾಕುತ್ತಾ ಬಂದ ಸಣ್ಣ ಬೆಂಕಿಗಳು. ಉರಿಯಲು ಕಸವೇ ಜಾಸ್ತಿ ಇಲ್ಲದ್ದರಿಂದ ಬೆಂಕಿ ಇಲ್ಲಿ ನೆಲದ ಮೇಲೆ ತಗ್ಗಿಹೋಯಿತು.

ವಾಪಸ್ ಹತ್ತುವಾಗ ಏಳು ಸಾವಿರ ಅಡಿಯ ತೆಳು ಗಾಳಿ ತನ್ನ ಪ್ರತಾಪ ತೋರಿಸಿತು. ಬೆಂಚು ಕಂಡಲ್ಲೆಲ್ಲ ಭಾವನಿಗೆ ಒಂದಿಲ್ಲೊಂದು ಹಕ್ಕಿ ಕಾಣುತ್ತಿತ್ತು.

ಮೂರನೇ ದಿನ: ಬಂಡೆ, ಹುಲ್ಲುಗಾವಲು, ಗುಡುಗು

ಮೋರೋ ರಾಕ್ ಒಂದೇ ಗ್ರಾನೈಟ್ ಗುಮ್ಮಟ. 1931ರಲ್ಲಿ ಕಟ್ಟಿದ 350ಕ್ಕೂ ಹೆಚ್ಚು ಮೆಟ್ಟಿಲು, ಬಂಡೆಯ ಸಂದುಗೊಂದುಗಳನ್ನೇ ಬಳಸಿಕೊಂಡು ಮೇಲೇರುತ್ತವೆ. ಕೆಲವು ಕಡೆ ಎದುರಿನಿಂದ ಬರುವವರಿಗೆ ದಾರಿ ಬಿಡಲು ಬಂಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಬೆಳಿಗ್ಗೆ ಬೇಗ ಹೋಗಿದ್ದರಿಂದ ನಮಗೆ ಆ ಕಷ್ಟ ಆಗಲಿಲ್ಲ. ಮೇಲೆ ನಿಂತರೆ ಪೂರ್ವಕ್ಕೆ ಗ್ರೇಟ್ ವೆಸ್ಟರ್ನ್ ಡಿವೈಡ್ ಎಂಬ ಶಿಖರಗಳ ಸಾಲು, ಸಂದುಗಳಲ್ಲಿ ಹಿಮ. ಅಲಾಸ್ಕಾ ಬಿಟ್ಟರೆ ಅಮೆರಿಕದ ಅತಿ ಎತ್ತರದ ಶಿಖರ ಮೌಂಟ್ ವಿಟ್ನಿ ಎಲ್ಲಿ ಅಂತ ಒಬ್ಬರಲ್ಲ ಒಬ್ಬರು ಕೇಳುತ್ತಲೇ ಇದ್ದರು. ಅದು ಇದೇ ಪಾರ್ಕಿನಲ್ಲಿದ್ದರೂ ಈ ಸಾಲಿನ ಹಿಂದೆ ಇದೆ, ಇಲ್ಲಿಂದ ಕಾಣುವುದಿಲ್ಲ. ಪಶ್ಚಿಮಕ್ಕೆ ನೋಡಿದರೆ ಕಣಿವೆಯ ಮೇಲೆ ಕಂದು ಮುಸುಕು. ಸ್ಯಾನ್ ವಾಕಿನ್ ಕಣಿವೆಯ ಹೊಗೆ, ಧೂಳು. ನ್ಯಾಷನಲ್ ಪಾರ್ಕುಗಳಲ್ಲಿ ಗಾಳಿ ತುಂಬ ಕೆಟ್ಟಿರುವ ಕಡೆಗಳಲ್ಲಿ ಸೆಕೋಯಾ ಕೂಡ ಒಂದು ಅಂತ ಫೋಟೋಗಳಲ್ಲಿ ಗೊತ್ತಾಗುವುದಿಲ್ಲ.

ಅಲ್ಲಿಂದ ಕ್ರೆಸೆಂಟ್ ಮೆಡೋ ಕಡೆ. ದಾರಿಯಲ್ಲಿ ಟನಲ್ ಲಾಗ್ ಸಿಗುತ್ತದೆ. 1937ರಲ್ಲಿ ರಸ್ತೆಗೆ ಅಡ್ಡ ಬಿದ್ದ ಮರವನ್ನು ಮರುವರ್ಷ ಕೊರೆದು ಕಾರು ಹೋಗುವ ಹಾಗೆ ಮಾಡಿದ್ದಾರೆ. ಫೋಟೋಕ್ಕೆ ಚೆನ್ನಾಗಿದೆ, ಅಷ್ಟೇ.

ಹುಲ್ಲುಗಾವಲು ಬೇರೆಯೇ ಲೋಕ. ಸುತ್ತ ಎತ್ತರದ ಮರಗಳ ಗೋಡೆ, ನಡುವೆ ಎಳೆ ಹಸಿರು. ಅದು ಮೈದಾನ ಅಂದುಕೊಂಡು ಕಾಲಿಟ್ಟರೆ ಪಾದ ಹೂತುಹೋಗುತ್ತದೆ. ನೆಲ ಸದಾ ಜೌಗು, ಹಾಗಾಗಿಯೇ ಅಲ್ಲಿ ಮರ ಬೆಳೆಯುವುದಿಲ್ಲ. ಮೇಲಾಗಿ ಕಾಲಿಡಬಾರದು, ಒಮ್ಮೆ ತುಳಿದ ಗುರುತು ವರ್ಷಗಟ್ಟಲೆ ಹೋಗುವುದಿಲ್ಲ. ಅಂಚಿನ ಕಾಲುದಾರಿಯಲ್ಲೇ ಸುತ್ತಿ ಪಕ್ಕದ ಲಾಗ್ ಮೆಡೋಗೆ ಹೋದೆವು.

ಅಲ್ಲಿ ಥಾರ್ಪ್ಸ್ ಲಾಗ್ ಇದೆ. ಬೆಂಕಿಗೆ ಟೊಳ್ಳಾಗಿ ಬಿದ್ದ ಒಂದು ಸೆಕೋಯಾ. ಹೇಲ್ ಥಾರ್ಪ್ ಎಂಬ ದನಗಾರ ಬೇಸಿಗೆಯಲ್ಲಿ ದನ ಮೇಯಿಸಲು ಬಂದಾಗ ಇದರೊಳಗೇ ವಾಸ ಮಾಡುತ್ತಿದ್ದ. 1858ರಲ್ಲಿ ಅವನಿಗೆ ಈ ಕಾಡು ತೋರಿಸಿದ್ದು ಇಲ್ಲಿನ ಮೂಲನಿವಾಸಿಗಳೇ. ಮರದ ಬಾಯಿಗೆ ಹಲಗೆ ಬಾಗಿಲು, ಕಲ್ಲಿನ ಒಲೆ, ಒಂದು ಕಿಟಕಿ. 1875ರಲ್ಲಿ, ಕಾಡು ಉಳಿಸಲು ಬರೆದು ಹೋರಾಡಿದ ಜಾನ್ ಮ್ಯೂರ್ ಬಂದು ಇಲ್ಲಿ ಉಳಿದಿದ್ದರು. ಜೈಂಟ್ ಫಾರೆಸ್ಟ್ ಎಂಬ ಹೆಸರಿಟ್ಟದ್ದೂ ಅವರೇ.

ಪುಟ್ಟಿ ಕಿಟಕಿಯಿಂದ ಇಣುಕುತ್ತಿದ್ದಳು. ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದು, "ಲೋ, ಅಲ್ಲಿ ನೋಡೋ" ಅಂತ ಪಿಸುಗುಟ್ಟಿದಳು. ಹುಲ್ಲುಗಾವಲಿನ ಆ ತುದಿಯಲ್ಲಿ ಕೆಂಗಂದು ಬಣ್ಣದ ಕರಡಿ. ನಮಗೂ ಅದಕ್ಕೂ ಎಂಬತ್ತು ನೂರು ಮೀಟರ್ ಇರಬಹುದು. ಅದು ಹುಲ್ಲು ತಿನ್ನುತ್ತಿತ್ತು! ಹಸುವಿನ ಕೆಲಸ ಇದಕ್ಕೇಕೆ ಅನಿಸಿತು. ಬೇಸಿಗೆಯ ಶುರುವಿನಲ್ಲಿ ಹಣ್ಣು ಇನ್ನೂ ಆಗಿರುವುದಿಲ್ಲ, ಎಳೆ ಹುಲ್ಲೇ ಅದರ ಊಟ. ಸ್ವಲ್ಪ ಹೊತ್ತಿಗೆ ಬಿದ್ದ ಮರವೊಂದರ ಹತ್ತಿರ ಹೋಯಿತು. ಮುಂಗಾಲನ್ನು ಅದರ ಮೇಲಿಟ್ಟು ತನ್ನ ಕಡೆ ಎಳೆಯಿತು. ಲಡ್ಡಾದ ಮರ ಹಲಗೆ ಹಲಗೆಯಾಗಿ ಕಿತ್ತು ಬಂತು. ಮೂತಿ ತೂರಿಸಿತು. ನಾಲಿಗೆ ಹಾಕಿ ಹುಳ ನೆಕ್ಕಿತು. ಆ ಕಡೆಯ ಹಲಗೆ ಕಿತ್ತು ಮತ್ತೆ ಅದೇ. ಯಾವ ಅವಸರವೂ ಇಲ್ಲ. ನಮ್ಮ ಕಡೆ ಒಮ್ಮೆ ತಲೆ ಎತ್ತಿತು, ಗಾಳಿ ಮೂಸಿತು, ಮತ್ತೆ ಕೆಲಸಕ್ಕೆ ಬಿತ್ತು. ಭಾವ ಫೋಟೋ ತೆಗೆಯಲು ನಾಲ್ಕು ಹೆಜ್ಜೆ ಮುಂದೆ ಹೋದರು. ಅಕ್ಕ, "ರೀ, ಅಲ್ಲೇ ನಿಲ್ರೀ" ಅಂದ ದನಿಗೆ ನಾನೇ ಬೆಚ್ಚಿಬಿದ್ದೆ. ಫೋಟೋದಲ್ಲಿ ಒಂದು ಕಂದು ಚುಕ್ಕೆ ಇದೆ. ಅದು ಕರಡಿ ಅಂತ ನಾವೇ ಹೇಳಬೇಕು.

ಮಧ್ಯಾಹ್ನ ಎರಡರ ಹೊತ್ತಿಗೆ ಮೋಡ ಕಟ್ಟಿತು. ಸಿಯೆರಾ ಬೆಟ್ಟಗಳಲ್ಲಿ ಬೇಸಿಗೆಯ ಮಧ್ಯಾಹ್ನಗಳಿಗೆ ಇದು ಹೊಸದೇನಲ್ಲ. ಮೋರೋ ರಾಕಿನ ಕೆಳಗೇ ಬೋರ್ಡು ಹಾಕಿದ್ದಾರೆ, ಗುಡುಗು ಕೇಳಿದರೆ ಹ‌ತ್ತಬೇಡಿ ಅಂತ. ನಾವು ಕ್ಯಾಂಪಿಗೆ ಬರುವಷ್ಟರಲ್ಲಿ ಮೊದಲ ಗುಡುಗು. ಸಿಡಿಲಿಗೆ ಟೆಂಟು ರಕ್ಷಣೆಯೇ ಅಲ್ಲ, ಬಟ್ಟೆ ಮತ್ತು ಕಂಬಿ ಅಷ್ಟೇ ತಾನೇ. ಕಾರೊಳಗೆ ಕೂತೆವು. ಮಳೆಗಿಂತ ಆಲಿಕಲ್ಲೇ ಜಾಸ್ತಿ. ಕಾರಿನ ತಗಡಿನ ಮೇಲೆ ಆ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿದು ಬಿಸಿಲು ಬಂತು. ಎದುರಿನ ಸೈಟಿನವರ ಟೆಂಟು ತಗ್ಗಿನಲ್ಲಿತ್ತು. ಕೂಲರ್ ಕಳೆದುಕೊಂಡವರೇ, ಪಾಪ. ಅವರ ಹಾಸಿಗೆಗಳನ್ನು ಹಗ್ಗಕ್ಕೆ ಹಾಕಲು ನಾವೂ ಕೈ ಜೋಡಿಸಿದೆವು. ಟೆಂಟಿಗೆ ಜಾಗ ಆರಿಸುವಾಗ ಸಮತಟ್ಟು ನೋಡುವುದಕ್ಕಿಂತ ಮೊದಲು ನೀರು ಎಲ್ಲಿ ನಿಲ್ಲುತ್ತದೆ ನೋಡಬೇಕು. ಒಣ ಮಣ್ಣಿನ ಮೇಲೆ ತೆಳು ಕೆನೆ ಕಟ್ಟಿದ ಹಾಗೆ ಕಂಡರೆ ಅಲ್ಲಿ ನೀರು ನಿಂತು ಆರಿದೆ ಅಂತ ಅರ್ಥ.

ನಾಲ್ಕನೇ ದಿನ: ಟೋಕೋಪಾ ಜಲಪಾತ

ಕ್ಯಾಂಪಿನ ಹಿಂದಿನಿಂದಲೇ ದಾರಿ. ನದಿಯ ಪಕ್ಕದಲ್ಲಿ ಹೋಗಿ ಬರಲು ಐದೂವರೆ ಕಿಲೋಮೀಟರ್. ಜಲಪಾತ 1,200 ಅಡಿ, ಒಂದೇ ಧಾರೆಯಾಗಿ ಬೀಳದೆ ಬಂಡೆಯ ಮೇಲೆ ಜಾರಿ ಜಾರಿ ಇಳಿಯುತ್ತದೆ. ಹಿಮ ಕರಗುವ ಜೂನಿನಲ್ಲಿ ಸೊಗಸು, ಬೇಸಿಗೆಯ ಕೊನೆಗೆ ಬಂದರೆ ನೀರು ಸೊರಗಿರುತ್ತದೆ.

ದಾರಿಯ ಫರ್ ಮರಗಳ ಕಾಂಡಕ್ಕೆ ಹಳದಿ ಹಸಿರಿನ ಪಾಚಿಯಂಥದ್ದು ಹತ್ತಿತ್ತು. ಅದು ವುಲ್ಫ್ ಲೈಕೆನ್. ತಮಾಷೆ ಏನೆಂದರೆ ಅದು ಬುಡದಿಂದ ಶುರುವಾಗುವುದಿಲ್ಲ. ಎಲ್ಲ ಮರಗಳಲ್ಲೂ ನನ್ನ ತಲೆಗಿಂತ ಮೇಲೆ ಒಂದೇ ಮಟ್ಟದಲ್ಲಿ ಗೆರೆ ಎಳೆದ ಹಾಗೆ ಶುರು. ಚಳಿಗಾಲದ ಹಿಮ ಅಲ್ಲಿಯ ತನಕ ಮುಚ್ಚಿರುತ್ತದೆ, ಅದರೊಳಗೆ ಇದು ಬೆಳೆಯುವುದಿಲ್ಲ. ನಾವು ಟೆಂಟು ಹಾಕಿದ ನೆಲದ ಮೇಲೆ ಜನವರಿಯಲ್ಲಿ ಎಷ್ಟು ಹಿಮ ಇರುತ್ತದೆ ಅಂತ ಮರದ ಮೈಮೇಲೆಯೇ ಬರೆದಿದೆ.

ಬಂಡೆಗಳ ಮೇಲೆ ಮಾರ್ಮಾಟ್ ಎಂಬ ದಪ್ಪ ನೆಲಅಳಿಲುಗಳು ಹೊಟ್ಟೆ ಚಾಚಿ ಬಿಸಿಲು ಕಾಯುತ್ತಿದ್ದವು. ಪುಟ್ಟಿಗೆ ನದಿಗೆ ಇಳಿಯುವ ಆಸೆ. ಅಕ್ಕ ಬಿಡಲಿಲ್ಲ, ಸರಿಯೇ. ಈ ಪಾರ್ಕಿನಲ್ಲಿ ಅತಿ ಹೆಚ್ಚು ಜನ ಸಾಯುವುದು ಕರಡಿಯಿಂದಲ್ಲ, ನೀರಿನಲ್ಲಿ ಮುಳುಗಿ. ನುಣುಪು ಬಂಡೆ, ಕರಗಿದ ಹಿಮದ ನೀರು, ಕೆಳಗೆ ಕಾಣದ ಸೆಳೆತ.

ಸಂಜೆ ಬ್ಯಾಡ್ಜ್ ಸಿಕ್ಕಿತು. ರೇಂಜರ್ ಮುಂದೆ ಬಲಗೈ ಎತ್ತಿ ಪುಟ್ಟಿ ಪ್ರಮಾಣ ಮಾಡಿದಳು. ಆ ರಾತ್ರಿಯಿಡೀ ನಮ್ಮ ಮೇಲೆ ಅಧಿಕಾರ ಚಲಾಯಿಸಿದಳು. ಭಾವ ಒಂದು ಚಾಕೊಲೇಟ್ ಕಾಗದ ಜೇಬಿನಲ್ಲಿಟ್ಟುಕೊಂಡು ಟೆಂಟಿಗೆ ನುಗ್ಗುವಾಗ ಸಿಕ್ಕಿಬಿದ್ದರು.

ಹೊರಟ ದಿನ: ಉತ್ತರದ ರಸ್ತೆ

ಟೆಂಟು ಮಡಚಿ, ಪೆಟ್ಟಿಗೆ ಒರೆಸಿ, ಬೂದಿ ಇನ್ನೊಮ್ಮೆ ಕಲಕಿ ಹೊರಟೆವು. ಬಂದ ದಾರಿಯಲ್ಲಿ ಇಳಿಯುವ ಬದಲು ಜನರಲ್ಸ್ ಹೈವೇಯಲ್ಲೇ ಉತ್ತರಕ್ಕೆ, ಗ್ರಾಂಟ್ ಗ್ರೋವ್ ಕಡೆಗೆ. ಶರ್ಮನ್ ಮರದಿಂದ ಇನ್ನೊಬ್ಬ ಜನರಲ್, ಗ್ರಾಂಟ್ ಹೆಸರಿನ ಮರದ ತನಕ ಹೋಗುವುದರಿಂದಲೇ ರಸ್ತೆಗೆ ಈ ಹೆಸರು.

ರೆಡ್‌ವುಡ್ ಮೌಂಟನ್ ಎದುರಿನ ವ್ಯೂ ಪಾಯಿಂಟಿನಲ್ಲಿ ನಿಲ್ಲಿಸಿದೆವು. ಕಣಿವೆಯ ಆ ಬದಿಯಲ್ಲಿ ದೊಡ್ಡ ಸೆಕೋಯಾ ತೋಪುಗಳಲ್ಲೊಂದು. ಹಸಿರಿನ ನಡುವೆ ಅಗಲವಾದ ಬೂದು ಪಟ್ಟೆ. ಅದೆಲ್ಲ ಸತ್ತ ಮರಗಳು. 2021ರ ಬೆಂಕಿ ಇಲ್ಲಿ ಕೆಲವು ಕಡೆ ನೆಲ ಬಿಟ್ಟು ಮರದ ನೆತ್ತಿಗೇ ಹತ್ತಿತು. ಎರಡು ಅಡಿ ತೊಗಟೆ ಇದ್ದರೂ ನೆತ್ತಿ ಸುಟ್ಟರೆ ಮರ ಉಳಿಯುವುದಿಲ್ಲ. 2020ರ ಕ್ಯಾಸಲ್ ಬೆಂಕಿಯೊಂದೇ ಜಗತ್ತಿನ ದೊಡ್ಡ ಸೆಕೋಯಾಗಳಲ್ಲಿ ನೂರಕ್ಕೆ 10ರಿಂದ 14ರಷ್ಟನ್ನು ಕೊಂದಿತ್ತು ಅಂತ ಅಂದಾಜು. ಮರುವರ್ಷದ ಬೆಂಕಿಗಳಲ್ಲಿ ಮತ್ತೆ ಎರಡು ಮೂರು ಸಾವಿರ ಹೋದವು. ಹಾರ್ಟ್ಸ್‌ವೆಲ್ಟ್ ತಮ್ಮ ಸಣ್ಣ ಬೆಂಕಿಗಳ ಪ್ರಯೋಗ ಮಾಡಿದ್ದು ಇದೇ ತೋಪಿನಲ್ಲಿ. ಬೆಂಕಿ ಬೇಕು ಅಂತ ಗೊತ್ತಾದ ಜಾಗದಲ್ಲೂ ಎಲ್ಲ ಕಡೆ ಹಾಕಲು ಆಗಿರಲಿಲ್ಲ. ಹಾಕದೆ ಉಳಿದ ಕಸ, ಬರಗಾಲದಲ್ಲಿ ಸತ್ತು ನಿಂತ ಪೈನ್‌ಗಳು, ಏರುತ್ತಿರುವ ಬಿಸಿ, ಎಲ್ಲ ಸೇರಿ ಉರಿದವು.

ಪಾರ್ಕಿನವರು 2023ರಲ್ಲಿ ತೀರಾ ಸುಟ್ಟ ಕಡೆ ಸೆಕೋಯಾ ಸಸಿ ನೆಡಲು ನಿರ್ಧರಿಸಿದರು. ಅದಕ್ಕೆ ವಿರೋಧವೂ ಇದೆ. ಅದು ಮನುಷ್ಯರು ಕೈ ಹಾಕಬಾರದು ಅಂತ ಕಾನೂನಿನಲ್ಲೇ ಬಿಟ್ಟ ಕಾಡು, ಸಸಿ ತಾನೇ ಬರುತ್ತದೆ ಬಿಡಿ ಅನ್ನುವುದು ವಿರೋಧಿಸುವವರ ವಾದ. ನಮ್ಮ ಕಾರಿನಲ್ಲೂ ಎರಡು ಪಕ್ಷ ಆಯಿತು. ಬೀಜದ ಮರವೇ ಸತ್ತ ಮೇಲೆ ಸಸಿ ಎಲ್ಲಿಂದ ಬರುತ್ತೆ, ನೆಡಬೇಕು ಅಂತ ಭಾವ. ಕರಡಿಗೆ ಊಟ ಹಾಕಿದ್ದೂ, ಬೆಂಕಿ ಆರಿಸಿದ್ದೂ ಹೀಗೇ ಒಳ್ಳೇ ಮನಸ್ಸಿನಿಂದಲೇ ಅಲ್ವೇನ್ರೀ, ಸ್ವಲ್ಪ ಸುಮ್ಮನಿರಿ ಅಂತ ಅಕ್ಕ. ನನ್ನ ಮಟ್ಟಿಗೆ ನೆಡುವುದೇ ಸರಿ. ಬೆಂಕಿ ಇಷ್ಟು ಜೋರಾಗಲು ನಾವೇ ಒಂದು ಶತಮಾನ ಕಸ ಪೇರಿಸಿ ಕೊಟ್ಟಿದ್ದೇವೆ, ಈಗ ಅದು ಪ್ರಕೃತಿಯ ಕೆಲಸ ಅಂತ ಕೈ ಕಟ್ಟಿ ಕೂರುವುದು ಹೇಗೆ? ಅಕ್ಕ ಒಪ್ಪಲಿಲ್ಲ. ಪುಟ್ಟಿಯನ್ನು ಕೇಳಿದರೆ ಜೂನಿಯರ್ ರೇಂಜರ್‌ಗಳು ಪಕ್ಷ ಹಿಡಿಯುವ ಹಾಗಿಲ್ಲ ಅಂದುಬಿಟ್ಟಳು.

ವಾದ ಗ್ರಾಂಟ್ ಗ್ರೋವ್ ತನಕ ನಡೆಯಿತು. ಅಲ್ಲಿ ಭಾನುವಾರದ ಜನ, ಪಾರ್ಕಿಂಗ್ ಸಿಗಲಿಲ್ಲ. ಎರಡು ಸುತ್ತು ಹಾಕಿ ಗ್ರಾಂಟ್ ಸಾಹೇಬರನ್ನು ನೋಡದೇ ಇಳಿದೆವು. ಫ್ರೆಸ್ನೋ ತಲುಪಿದಾಗ ಕಾರಿನ ಮೀಟರು 40 ಡಿಗ್ರಿ ತೋರಿಸುತ್ತಿತ್ತು. ಭಾವ ಇನ್ನೂ ಸ್ವೆಟರಿನಲ್ಲೇ ಇದ್ದರು.